ಬಾಚಣಿಗೆಗೆ ಸಿಕ್ಕ ಕೂದಲು

ನನ್ನ ಅಕ್ಕನ ಚೊಚ್ಚಲ ಬಾಣಂತನ ನಮ್ಮ ಮನೆಯಲ್ಲೇ ಆಯಿತು. ಮಗುವಿಗೆ ನಾಲ್ಕು ತಿಂಗಳು ತುಂಬುತ್ತಿದ್ದ ಹೊತ್ತು. ಒಂದು ಬೆಳಿಗ್ಗೆ ತಲೆಗೆ ಎರೆದುಕೊಂಡು ಬಂದು ಹಿತ್ತಲ ಜಗಲಿಯಲ್ಲಿ ಕೂತು ಸಿಕ್ಕು ಬಿಡಿಸುತ್ತಿದ್ದವಳು ಇದ್ದಕ್ಕಿದ್ದಂತೆ ಅಳತೊಡಗಿದಳು. ಬಾಚಣಿಗೆಗೆ ನಾಲ್ಕೆಳೆಯಲ್ಲ, ಹಿಡಿ ಕೂದಲು ಬಂದಿತ್ತು. ಅಮ್ಮ ಗಾಬರಿಯಾದಳು. ಪಕ್ಕದ ಮನೆಯವರು ದೃಷ್ಟಿ ತಾಗಿದೆ ಎಂದರು. ಅಜ್ಜಿ ಮಾತ್ರ ಕೂತಲ್ಲಿಂದಲೇ, "ಮಗು ಮುಖ ನೋಡಿ ನಗೋಕೆ ಶುರು ಮಾಡ್ತಲ್ಲ, ಇನ್ನು ಉದುರತ್ತೆ. ಅದರಷ್ಟಕ್ಕೆ ಅದು ಬರತ್ತೆ ಬಿಡೇ" ಎಂದು ಬತ್ತಿ ಹೊಸೆಯುವುದನ್ನು ಮುಂದುವರಿಸಿದಳು.

ಅಜ್ಜಿಯ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಸಂತೆಗೆ ಬರುತ್ತಿದ್ದ ಪಂಡಿತರೊಬ್ಬರಿಂದ ದುಬಾರಿ ಎಣ್ಣೆ ತರಿಸಿದ್ದಾಯಿತು. ಒಂದು ಸೀಸೆ ಮುಗಿದು ಎರಡನೆಯದು ಬಂತು, ಎರಡನೆಯದು ಮುಗಿದು ಮೂರನೆಯದು. ಮಗುವಿನ ಹುಟ್ಟುಹಬ್ಬದ ಹೊತ್ತಿಗೆ ಅಕ್ಕನ ತಲೆ ತುಂಬಿಕೊಂಡಿತ್ತು. ಆ ಎಣ್ಣೆಯ ಕೀರ್ತಿ ನಮ್ಮ ಬಂಧುಬಳಗದಲ್ಲೆಲ್ಲ ಹಬ್ಬಿತು. ಅಜ್ಜಿ ಹೇಳಿದ್ದು ಯಾರಿಗೂ ನೆನಪಿರಲಿಲ್ಲ.

ಬಹಳ ವರ್ಷಗಳ ಮೇಲೆ ಈ ವಿಷಯ ಓದಲು ಕುಳಿತಾಗ ತಿಳಿಯಿತು, ಎಣ್ಣೆಗೆ ಸಂದ ಗೌರವ ಅಜ್ಜಿಗೆ ಸಲ್ಲಬೇಕಿತ್ತು. ಮನುಷ್ಯರು ಕೂದಲಿಗಾಗಿ ಸಾವಿರಾರು ವರ್ಷ ಹಚ್ಚಿದ, ಕುಡಿದ, ಹರಕೆ ಹೊತ್ತ ಚಿಕಿತ್ಸೆಗಳಲ್ಲಿ ಬಹುಪಾಲಿನ ಯಶಸ್ಸಿನ ಗುಟ್ಟು ಅಕ್ಕನ ಆ ಎಂಟು ತಿಂಗಳಲ್ಲೇ ಅಡಗಿದೆ.

ಅಕ್ಕ ಅತ್ತದ್ದು ಬರೀ ಚೆಲುವು ಹೋಯಿತೆಂದು ಅಲ್ಲ ಎನಿಸುತ್ತದೆ. ನಮ್ಮಲ್ಲಿ ಕೂದಲಿಲ್ಲದ ಹೆಣ್ಣಿನ ತಲೆಗೆ ಬೇರೊಂದು ಅರ್ಥವಿತ್ತು. ಕೆಲವು ಸಮುದಾಯಗಳಲ್ಲಿ ಗಂಡ ಸತ್ತ ಹುಡುಗಿಯರ ತಲೆ ಬೋಳಿಸಿ ಕೆಂಪು ಸೀರೆಯ ಸೆರಗು ಹೊದೆಸಿ ಕೂರಿಸುತ್ತಿದ್ದ ಕಾಲ ಬಹಳ ಹಿಂದಿನದೇನಲ್ಲ. ಎಂ.ಕೆ. ಇಂದಿರಾ ಅವರ 'ಫಣಿಯಮ್ಮ' ಓದಿದವರಿಗೆ, ಪ್ರೇಮಾ ಕಾರಂತರು 1983ರಲ್ಲಿ ಅದನ್ನು ತೆರೆಗೆ ತಂದಾಗ ನೋಡಿದವರಿಗೆ ಆ ತಲೆ ಕಣ್ಣಿಗೆ ಕಟ್ಟಿದಂತಿರುತ್ತದೆ. ಗಂಡಸಿನ ಬೋಳುತಲೆಯನ್ನು ನಗೆಚಾಟಿಕೆಗೆ ಬಿಟ್ಟ ಸಮಾಜ ಹೆಣ್ಣಿನ ಕೂದಲು ಉದುರುವುದನ್ನು ಅಪಶಕುನದ ಸಾಲಿಗೆ ಸೇರಿಸಿತು. ಬಿದ್ದ ಕೂದಲನ್ನು ಬೆರಳಿಗೆ ಸುತ್ತಿ, ಉಗುಳಿ ಎಸೆಯುವ ರೂಢಿ ಇಂದಿಗೂ ಪೂರ್ತಿ ಹೋಗಿಲ್ಲ.

ಮೊದಲು ಲೆಕ್ಕ ನೋಡೋಣ. ನಮ್ಮ ತಲೆಯ ಮೇಲೆ ಸುಮಾರು ಒಂದು ಲಕ್ಷ ಕೂದಲುಗಳಿವೆ. ಒಂದೊಂದಕ್ಕೂ ಅದರದೇ ಆಯುಸ್ಸು. ಎರಡರಿಂದ ಆರು ವರ್ಷ ಅದು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರಿನಂತೆ ಬೆಳೆಯುತ್ತದೆ. ಆಮೇಲೆ ಎರಡು ಮೂರು ವಾರ ಹಿಂಜರಿಯುತ್ತದೆ. ಕೊನೆಗೆ ಸುಮಾರು ಮೂರು ತಿಂಗಳು ಬೆಳೆಯದೆ, ಬೀಳದೆ, ತನ್ನ ಕುಳಿಯಲ್ಲಿ ಸುಮ್ಮನೆ ಕೂತಿರುತ್ತದೆ. ಕೆಳಗಿನಿಂದ ಹೊಸ ಕೂದಲು ಹುಟ್ಟುವ ಹೊತ್ತಿಗೆ ಹಳೆಯದು ಜಾಗ ಖಾಲಿ ಮಾಡುತ್ತದೆ. ಆರೋಗ್ಯವಂತರಲ್ಲಿ ಯಾವುದೇ ದಿನ ನೂರಕ್ಕೆ ಹತ್ತರಷ್ಟು ಕೂದಲು ಹೀಗೆ ವಿಶ್ರಾಂತಿಯಲ್ಲಿರುತ್ತದೆ ಎನ್ನಿ. ಒಂದು ಲಕ್ಷದಲ್ಲಿ ಹತ್ತು ಸಾವಿರ. ಅವೆಲ್ಲ ಸುಮಾರು ನೂರು ದಿನಗಳಲ್ಲಿ ಬೀಳಬೇಕು. ಅಂದರೆ ದಿನಕ್ಕೆ ನೂರು. ಕೂದಲು ತೆಳ್ಳಗಿರುವವರಿಗೆ ಐವತ್ತೇ ಇರಬಹುದು. ದಿನಕ್ಕೆ ಐವತ್ತರಿಂದ ನೂರು ಉದುರಿದರೆ ಹೆದರಬೇಡಿ ಎಂದು ವೈದ್ಯರು ಹೇಳುವುದು ಸರಿಸುಮಾರು ಈ ಗುಣಾಕಾರದ ಬಲದ ಮೇಲೆ. ಯಾರೂ ದಿನಾ ಕೂತು ಎಣಿಸಬೇಕಾಗಿಲ್ಲ. ವಾರಕ್ಕೊಮ್ಮೆ ತಲೆಗೆ ನೀರು ಹಾಕಿಕೊಳ್ಳುವವರ ಬಾಚಣಿಗೆಗೆ ವಾರದ ಬಾಕಿಯೆಲ್ಲ ಒಂದೇ ದಿನ ಸಿಗುತ್ತದೆ ಎಂಬುದನ್ನು ನೆನಪಿಟ್ಟುಕೊಂಡರೆ ಸಾಕು.

ಈ ವಿಷಯದಲ್ಲಿ ನಾವು ಮಾವಿನ ಮರದ ಹಾಗೆ. ಮಾವು ವರ್ಷವಿಡೀ ಎಲೆ ಉದುರಿಸುತ್ತಿರುತ್ತದೆ, ಅಂಗಳ ಗುಡಿಸುವವರಿಗಲ್ಲದೆ ಬೇರೆ ಯಾರಿಗೂ ಅದು ಗೊತ್ತಾಗುವುದಿಲ್ಲ. ಮುತ್ತುಗದ ಮರ ಹಾಗಲ್ಲ, ಎಲೆಯನ್ನೆಲ್ಲ ಒಟ್ಟಿಗೆ ಕಳಚಿ ಬೋಳಾಗಿ ನಿಲ್ಲುತ್ತದೆ. ಮೈಯಲ್ಲಿ ಏನೋ ಏರುಪೇರಾದಾಗ ಮಾವಿನ ಮರ ಮುತ್ತುಗದ ಹಾಗೆ ವರ್ತಿಸುವುದೂ ಉಂಟು. ಅಕ್ಕನಿಗೆ ಆದದ್ದು ಅದು.

ಉದುರಿದ ಕೂದಲಿಗೂ ನಮ್ಮಲ್ಲಿ ಬೆಲೆಯಿತ್ತು. ಬಾಚಿದ್ದನ್ನು ಗೋಡೆಯ ಸಂದಿಯಲ್ಲಿ, ಹಳೆಯ ಡಬ್ಬದಲ್ಲಿ ಕೂಡಿಟ್ಟು, ಸಾಕಷ್ಟಾದ ಮೇಲೆ ಚೌರಿ ಕಟ್ಟಿಸುತ್ತಿದ್ದರು. ತನ್ನದೇ ಕೂದಲಿನ ಚೌರಿಯನ್ನು ಜಡೆಗೆ ಸೇರಿಸಿ ಹೆಣೆದುಕೊಳ್ಳುವ ಜಾಣತನ ಅದು. ಆಮೇಲೆ ಕೂದಲು ಕೊಟ್ಟರೆ ಪಾತ್ರೆ ಕೊಡುವವರು ಬೀದಿಗಳಲ್ಲಿ ಕೂಗುತ್ತಾ ಬಂದರು. ಅಂಥ ಕೂದಲಿನ ಉಂಡೆಗಳು ರಾಶಿರಾಶಿಯಾಗಿ ಬಂದು ಸೇರುವ ಒಂದು ಊರು ನಮ್ಮಲ್ಲೇ ಇದೆ, ಕೊಪ್ಪಳದ ಮಗ್ಗುಲಿನ ಭಾಗ್ಯನಗರ. ಅಲ್ಲಿ ಹೆಂಗಸರು ಸಿಕ್ಕುಗಟ್ಟಿದ ಕೂದಲನ್ನು ಎಳೆ ಎಳೆಯಾಗಿ ಬಿಡಿಸಿ, ಉದ್ದ ನೋಡಿ ಬೇರ್ಪಡಿಸುತ್ತಾರೆ. ಅದು ತೊಳೆದು ಹದವಾಗಿ ಕೃತಕ ಕೇಶವಾಗಲು ಹೊರದೇಶಕ್ಕೆ ಹೋಗುತ್ತದೆ. ತಿರುಪತಿಯ ಮುಡಿಯ ಕೂದಲು ಕತ್ತರಿಸಿದ್ದು, ಬುಡವೆಲ್ಲ ಒಂದು ಕಡೆ, ತುದಿಯೆಲ್ಲ ಒಂದು ಕಡೆ ಇರುತ್ತದೆ. ಬಾಚಣಿಗೆಯ ಕೂದಲಿನಲ್ಲಿ ಬುಡ ತುದಿ ಕಲಸಿಹೋಗಿರುತ್ತವೆ. ಆದ್ದರಿಂದಲೇ ಅದರ ಬೆಲೆ ಕಡಿಮೆ, ಕೈಕೆಲಸ ಹೆಚ್ಚು. ಕಚ್ಚಾ ಕೂದಲು ಹಾಗೆಯೇ ಗಡಿ ದಾಟಿಹೋಗಿ ಇಲ್ಲಿಯವರ ಕೆಲಸ ಕಳೆಯುತ್ತಿದೆ ಎಂಬ ದೂರಿನ ಮೇಲೆ ಕೇಂದ್ರ ಸರ್ಕಾರ 2022ರ ಜನವರಿಯಲ್ಲಿ ಅದರ ರಫ್ತಿಗೆ ನಿರ್ಬಂಧ ಹೇರಿತು. ದಿನಕ್ಕೆ ನೂರರಂತೆ ಬಿದ್ದದ್ದು ಒಂದು ಊರಿಗೆ ಅನ್ನವಾಗುತ್ತದೆ ಎಂದರೆ ಉದುರುವುದು ಎಷ್ಟು ಸಹಜ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಆದರೂ ಹೆದರಿಕೆ ಹಳೆಯದು. ಸುಮಾರು 3,500 ವರ್ಷಗಳ ಹಿಂದಿನ ಈಜಿಪ್ಟಿನ ವೈದ್ಯಗ್ರಂಥವೊಂದಿದೆ, ಈಬರ್ಸ್ ಪಪೈರಸ್ ಎಂದು ಅದಕ್ಕೆ ಹೆಸರು. ಸಿಂಹ, ನೀರಾನೆ, ಮೊಸಳೆ, ಬೆಕ್ಕು, ಹಾವು, ಕಾಡುಮೇಕೆ ಇವುಗಳ ಕೊಬ್ಬನ್ನು ಕಲಸಿ ತಲೆಗೆ ಹಚ್ಚಬೇಕು ಎಂದು ಅದು ವಿಧಿಸುತ್ತದೆ. ಬೆಕ್ಕಿನದು ಹೇಗೋ ಸಿಗಬಹುದು, ಸಿಂಹದ ಕೊಬ್ಬು ತರುವವನಿಗೆ ತಲೆಗೂದಲಿನ ಚಿಂತೆ ಉಳಿಯುವುದು ಅನುಮಾನ. ಇರಲಿ. ರೋಮಿನ ಜೂಲಿಯಸ್ ಸೀಸರ್ ಹಿಂದಿನ ಕೂದಲನ್ನು ಮುಂದಕ್ಕೆ ಬಾಚಿಕೊಳ್ಳುತ್ತಿದ್ದನೆಂದೂ, ಸೆನೆಟ್ ಕೊಟ್ಟ ಮರ್ಯಾದೆಗಳಲ್ಲಿ ಸದಾ ಎಲೆಯ ಕಿರೀಟ ಧರಿಸುವ ಹಕ್ಕು ಅವನಿಗೆ ಬಹಳ ಪ್ರಿಯವಾಗಿತ್ತೆಂದೂ ಸುಯೆಟೋನಿಯಸ್ ಬರೆದಿಟ್ಟಿದ್ದಾನೆ.

ನಮ್ಮ ಆಯುರ್ವೇದದವರು ಇದನ್ನು ಹೆಚ್ಚು ಕ್ರಮವಾಗಿ ನೋಡಿದರು. ವಾತದೊಡನೆ ಕೂಡಿದ ಪಿತ್ತ ರೋಮಕೂಪವನ್ನು ಸೇರಿ ಕೂದಲನ್ನು ಉದುರಿಸುತ್ತದೆ, ಬಳಿಕ ರಕ್ತದೊಡನೆ ಕಫ ಆ ಕುಳಿಯನ್ನು ಮುಚ್ಚಿ ಹೊಸದು ಹುಟ್ಟದಂತೆ ಮಾಡುತ್ತದೆ ಎಂದು ಸುಶ್ರುತ ವಿವರಿಸುತ್ತಾನೆ. ಉದುರುವುದು ಒಂದು ಹಂತ, ಮರಳಿ ಹುಟ್ಟದಿರುವುದು ಇನ್ನೊಂದು ಹಂತ ಎಂಬ ಈ ವಿಂಗಡಣೆ ಗಮನಿಸಬೇಕಾದದ್ದು. ಇಂದ್ರಲುಪ್ತದಲ್ಲಿ ಕೂದಲು ಥಟ್ಟನೆ ಹೋಗುತ್ತದೆ, ಖಲತಿಯಲ್ಲಿ ನಿಧಾನವಾಗಿ ಹೋಗುತ್ತದೆ ಎಂದು ವಾಗ್ಭಟ ಬೇರ್ಪಡಿಸುತ್ತಾನೆ. ಚರಕನಂತೂ ಉಪ್ಪಿನ ಮೇಲೆ ತಪ್ಪು ಹೊರಿಸುತ್ತಾನೆ. ಬಾಹ್ಲೀಕ, ಸೌರಾಷ್ಟ್ರ, ಸಿಂಧು ಸೀಮೆಯವರು ಹಾಲಿಗೂ ಉಪ್ಪು ಹಾಕಿಕೊಳ್ಳುತ್ತಾರೆ, ಅದಕ್ಕೇ ಅವರಿಗೆ ಬೇಗ ತಲೆ ಬೋಳು, ಬೇಗ ನರೆ ಎಂದು. ಗರುಗದ ಸೊಪ್ಪು, ನೆಲ್ಲಿಕಾಯಿ ಹಾಕಿ ಕಾಯಿಸಿದ ಎಣ್ಣೆ, ಸೀಗೇಕಾಯಿ, ದಾಸವಾಳದ ಎಲೆಯ ಲೋಳೆ ನಮ್ಮ ಬಚ್ಚಲಿಗೆ ಬಂದದ್ದು ಇಂಥ ಬಹುಕಾಲದ ರೂಢಿಯಿಂದ. ಅವು ಕೂದಲನ್ನು ನಯವಾಗಿಡುತ್ತವೆ, ಸಿಕ್ಕು ಬಿಡಿಸುವಾಗ ತುಂಡಾಗದಂತೆ ಕಾಯುತ್ತವೆ. ಅಷ್ಟು ಕೆಲಸಕ್ಕೆ ಅವುಗಳನ್ನು ಧಾರಾಳವಾಗಿ ಮೆಚ್ಚಬಹುದು.

ಗ್ರೀಸಿನ ಹಿಪೊಕ್ರೇಟಿಸ್‌ನ ಸೂತ್ರಗಳಲ್ಲಿ ಒಂದು ಚಿಕ್ಕ ಮಾತಿದೆ. ನಪುಂಸಕರಿಗೆ ತಲೆ ಬೋಳಾಗುವುದಿಲ್ಲ ಎಂದು. ಎಷ್ಟು ದೊಡ್ಡ ಸುಳಿವು! ಎರಡು ಸಾವಿರಕ್ಕೂ ಹೆಚ್ಚು ವರ್ಷ ಅದು ಪುಸ್ತಕದಲ್ಲೇ ಉಳಿಯಿತು.

ಆ ನಡುವೆ ವ್ಯಾಪಾರ ಬೆಳೆಯಿತು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಲಂಡನ್ನಿನ ರೋಲೆಂಡ್ ಎಂಬುವರ ಮೆಕಾಸರ್ ಎಣ್ಣೆಗೆ ಎಷ್ಟು ಬೇಡಿಕೆಯಿತ್ತೆಂದರೆ, ಕುರ್ಚಿಯ ಬೆನ್ನಿಗೆ ಎಣ್ಣೆಯ ಕಲೆ ಹತ್ತದಂತೆ ಹೊದಿಸುವ ಬಟ್ಟೆಗೆ ಅದರ ಹೆಸರೇ ಅಂಟಿಕೊಂಡಿತು. ನಮ್ಮ ಮನೆಗಳ ಸೋಫಾದ ಮೇಲೆ ಕಸೂತಿ ಹಾಕಿ ಹಾಸುವ ಬಟ್ಟೆ ಅದೇ ವಂಶದ್ದು. ಅಮೆರಿಕದಲ್ಲಿ 1880ರ ದಶಕದಲ್ಲಿ ಸದರ್ಲೆಂಡ್ ಮನೆತನದ ಏಳು ಮಂದಿ ಅಕ್ಕತಂಗಿಯರು ನೆಲ ಮುಟ್ಟುವ ಕೂದಲು ಬಿಟ್ಟುಕೊಂಡು ಸರ್ಕಸ್ಸಿನಲ್ಲಿ ಹಾಡುತ್ತಿದ್ದರು. ಅವರ ಹೆಸರಿನಲ್ಲಿ ಹೊರಟ ಕೇಶವರ್ಧಕ ಅಪಾರ ಹಣ ತಂದಿತು. ಅದರಲ್ಲಿದ್ದದ್ದು ಬಹುತೇಕ ಮದ್ಯಸಾರ ಮತ್ತು ಸುಗಂಧದ ನೀರು. 1920ರ ದಶಕದಲ್ಲಿ ಹೆಂಗಸರು ಕೂದಲು ಕತ್ತರಿಸಿಕೊಳ್ಳುವ ಷೋಕಿ ಬಂದು ಆ ವ್ಯಾಪಾರ ಮುಳುಗಿತೇ ಹೊರತು ಔಷಧ ಸುಳ್ಳೆಂದು ಯಾರಿಗೋ ಅನಿಸಿ ಅಲ್ಲ. ಮೋಸ ಎಂದರೆ ಅರ್ಧ ಮಾತಾಯಿತು. ಕೊಂಡವರಲ್ಲಿ ಹಲವರಿಗೆ ನಿಜವಾಗಿ ಕೂದಲು ಬಂದಿರಬೇಕು. ಯಾಕೆ ಬಂತು ಎಂಬುದೇ ಪ್ರಶ್ನೆ.

ಉತ್ತರದ ಮೊದಲ ತುಣುಕು ಸಿಕ್ಕಿದ್ದು ಅನಿರೀಕ್ಷಿತ ಜಾಗದಲ್ಲಿ. ರಾಂಟ್ಜೆನ್ ಕ್ಷ-ಕಿರಣ ಕಂಡುಹಿಡಿದು ಕೆಲವೇ ತಿಂಗಳಾಗಿತ್ತು. 1896ರಲ್ಲಿ ಅಮೆರಿಕದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಜಾನ್ ಡೇನಿಯಲ್ ಎಂಬ ಭೌತವಿಜ್ಞಾನಿ ಸಹೋದ್ಯೋಗಿಯೊಬ್ಬರ ತಲೆಗೆ ಒಂದು ಗಂಟೆ ಆ ಕಿರಣ ಹಾಯಿಸಿದರು. ಅಂದು ಏನೂ ಆಗಲಿಲ್ಲ. 21 ದಿನ ಕಳೆದ ಮೇಲೆ ಕಿರಣ ತಾಕಿದ ಜಾಗದ ಕೂದಲು ಉದುರಿತು. ಏಟು ಬಿದ್ದ ದಿನಕ್ಕೂ ಕೂದಲು ಬಿದ್ದ ದಿನಕ್ಕೂ ನಡುವೆ ಅಂತರವಿದೆ ಎಂಬುದು ಹೀಗೆ ಕಣ್ಣೆದುರು ಕಂಡಿತು.

1920ರ ದಶಕದಲ್ಲಿ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಮಿಲ್ಡ್ರೆಡ್ ಟ್ರಾಟರ್ ಎಂಬ ಅಂಗರಚನಾ ತಜ್ಞೆ ಮನುಷ್ಯರ ಕೂದಲಿನ ಬೆಳವಣಿಗೆಯನ್ನು ತಾಳ್ಮೆಯಿಂದ ಅಳೆಯತೊಡಗಿದರು. ಬೋಳಿಸಿದರೆ ಕೂದಲು ದಪ್ಪಗೆ, ಬೇಗ ಬರುತ್ತದೆಯೇ ಎಂದು ಪರೀಕ್ಷಿಸಿ, ಇಲ್ಲ ಎಂದು 1928ರಲ್ಲಿ ಪ್ರಕಟಿಸಿದರು. ಹರಕೆಗಾಗಿ ಮಕ್ಕಳ ಮುಡಿ ಕೊಡುವುದು ಭಕ್ತಿಯ ಮಾತು, ಅದಕ್ಕೆ ಅಡ್ಡಿಯಿಲ್ಲ. ಕೂದಲು ದಟ್ಟವಾಗಲಿ ಎಂದು ಎರಡು ಮೂರು ಸಲ ಬೋಳಿಸುವ ತಾಯಂದಿರಿಗೆ ಮಾತ್ರ ಟ್ರಾಟರ್ ಅವರ ಉತ್ತರ ಸುಮಾರು ಒಂದು ಶತಮಾನದಿಂದ ಕಾದಿದೆ.

ಇನ್ನು ಹಿಪೊಕ್ರೇಟಿಸ್‌ನ ಸುಳಿವು. ಅದನ್ನು ಕೈಗೆತ್ತಿಕೊಂಡವರು ಜೇಮ್ಸ್ ಹ್ಯಾಮಿಲ್ಟನ್. ವೃಷಣಗಳನ್ನು ಕಳೆದುಕೊಂಡ ಅಥವಾ ಪ್ರೌಢತೆ ಬಾರದ ನೂರಕ್ಕೂ ಹೆಚ್ಚು ಗಂಡಸರನ್ನು ಗಮನಿಸಿ ಅವರು 1942ರಲ್ಲಿ ಬರೆದ ಪ್ರಬಂಧ ಈ ಇತಿಹಾಸದ ಒಂದು ತಿರುವು. ಹರೆಯಕ್ಕೆ ಮುಂಚೆ ವೃಷಣ ಕಳೆದುಕೊಂಡವರ ತಲೆ ಬೋಳಾಗಲಿಲ್ಲ. ಅವರಿಗೆ ಪುರುಷ ಹಾರ್ಮೋನು ಕೊಟ್ಟಾಗ, ಮನೆತನದಲ್ಲಿ ಬೋಳುತಲೆ ಇದ್ದವರಿಗೆ ಬೋಳು ಶುರುವಾಯಿತು. ಕೊಡುವುದನ್ನು ನಿಲ್ಲಿಸಿದರೆ ಅದು ಅಲ್ಲಿಗೇ ನಿಂತಿತು, ಹೋದದ್ದು ಬರಲಿಲ್ಲ. ವಂಶ, ವಯಸ್ಸು, ಹಾರ್ಮೋನು ಮೂರೂ ಸೇರಬೇಕು ಎಂದಾಯಿತು. ಬೋಳುತಲೆ ಬರುವುದೋ ಇಲ್ಲವೋ ತಿಳಿಯಲು ಸೋದರಮಾವನ ತಲೆ ನೋಡು ಎನ್ನುವ ಮಾತು ಅರ್ಧ ಸರಿ. ತಾಯಿಯ ಕಡೆಯಿಂದ ಬರುವ ಒಂದು ಮುಖ್ಯ ಜೀನ್ ಇದೆ, ತಂದೆಯ ಕಡೆಯವೂ ಹಲವು ಇವೆ.

ಈ ಬಗೆಯ ಬೋಳಿನಲ್ಲಿ ನಡೆಯುವುದು ಉದುರುವಿಕೆಗಿಂತ ಕುಗ್ಗುವಿಕೆ. ಕೂದಲಿನ ಕುಳಿ ಸರದಿಯಿಂದ ಸರದಿಗೆ ಚಿಕ್ಕದಾಗುತ್ತಾ, ಪ್ರತಿ ಸಲವೂ ಹಿಂದಿನದಕ್ಕಿಂತ ತೆಳ್ಳಗಿನ, ಗಿಡ್ಡ ಕೂದಲನ್ನು ಹುಟ್ಟಿಸುತ್ತಾ, ಕೊನೆಗೆ ಕಣ್ಣಿಗೆ ಕಾಣದ ನವಿರಿಗೆ ಇಳಿಯುತ್ತದೆ. ಹಣೆ ಹಿಂದೆ ಸರಿಯುತ್ತಿರುವ ಗಂಡಸಿನ ದಿಂಬಿನ ಮೇಲೆ ಹೆಚ್ಚು ಕೂದಲು ಇಲ್ಲದಿರಬಹುದು. ಹೆಂಗಸರಲ್ಲಾದರೆ ಬೈತಲೆ ಮೆಲ್ಲನೆ ಅಗಲವಾಗುತ್ತದೆ.

ಉಳಿದ ಅರ್ಧ ತಿಳಿಯಲು 1961ರವರೆಗೆ ಕಾಯಬೇಕಾಯಿತು. ಜ್ವರದ ಮೇಲೆ ಕೂದಲು ಉದುರುವುದು ವೈದ್ಯರಿಗೆ ಗೊತ್ತಿರಲಿಲ್ಲವೆಂದಲ್ಲ. ವಿಷಮಶೀತಜ್ವರದಿಂದ ಎದ್ದವರ ತಲೆಯನ್ನು ಎಲ್ಲರೂ ಕಂಡಿದ್ದರು, 1918ರ ಇನ್‌ಫ್ಲುಯೆಂಜಾ ಬಳಿಕವೂ ಕಂಡಿದ್ದರು. ಆದರೆ ಹೆರಿಗೆ, ಜ್ವರ, ದೊಡ್ಡ ಶಸ್ತ್ರಚಿಕಿತ್ಸೆ, ಉಪವಾಸ, ತೀವ್ರ ಮನಃಕ್ಲೇಶ ಇವೆಲ್ಲಕ್ಕೂ ಕೂದಲಿನ ಕುಳಿ ಕೊಡುವ ಉತ್ತರ ಒಂದೇ ಎಂದು ತೋರಿಸಿದವರು ಫಿಲಡೆಲ್ಫಿಯಾದ ಚರ್ಮವೈದ್ಯ ಆಲ್ಬರ್ಟ್ ಕ್ಲಿಗ್‌ಮನ್. ಬೆಳೆಯುತ್ತಿದ್ದ ಬಹಳಷ್ಟು ಕೂದಲು ಅವಧಿಗೆ ಮುಂಚೆ ಒಟ್ಟಿಗೆ ವಿಶ್ರಾಂತಿಗೆ ಹೋಗುತ್ತದೆ. ಅದರ ನಿಯಮದಂತೆ ಎರಡು ಮೂರು ತಿಂಗಳು ಸುಮ್ಮನಿದ್ದು ಒಟ್ಟಿಗೆ ಬೀಳುತ್ತದೆ. ಇದಕ್ಕೆ ಅವರಿಟ್ಟ ಹೆಸರು ಟೆಲೋಜೆನ್ ಎಫ್ಲುವಿಯಮ್. (ಇದೇ ಕ್ಲಿಗ್‌ಮನ್ ಹೋಮ್ಸ್‌ಬರ್ಗ್ ಸೆರೆಮನೆಯ ಕೈದಿಗಳ ಚರ್ಮದ ಮೇಲೆ ವರ್ಷಗಟ್ಟಲೆ ನಡೆಸಿದ ಪ್ರಯೋಗಗಳು ಆಮೇಲೆ ದೊಡ್ಡ ಕಳಂಕವಾದವು. ಅದನ್ನು ಬಿಟ್ಟು ಅವರ ಹೆಸರು ಹೇಳುವುದು ಸರಿಯಾಗದು.)

ಬಸುರಿನಲ್ಲಿ ಹಾರ್ಮೋನುಗಳ ಪ್ರಭಾವದಿಂದ ಕೂದಲು ತನ್ನ ಕಾಲ ಮೀರಿ ಬೆಳೆಯುತ್ತಲೇ ಇರುತ್ತದೆ. ಬಸುರಿಯ ಜಡೆ ದಪ್ಪ ಕಾಣುವುದು ಅದಕ್ಕೇ. ಹೆರಿಗೆಯಾದ ಕೂಡಲೇ ಆ ಬಾಕಿಯೆಲ್ಲ ವಿಶ್ರಾಂತಿಗೆ ಇಳಿಯುತ್ತದೆ. ಮೂರು ನಾಲ್ಕು ತಿಂಗಳಿಗೆ ಬೀಳತೊಡಗುತ್ತದೆ. ಮಗು ತಾಯಿಯ ಮುಖ ಗುರುತಿಸಿ ಕೇಕೆ ಹಾಕಿ ನಗುವುದೂ ಆಗಲೇ. ಅಜ್ಜಿಗೆ ಹಾರ್ಮೋನು ಗೊತ್ತಿರಲಿಲ್ಲ, ಪಂಚಾಂಗ ಗೊತ್ತಿತ್ತು.

ಈಗ ಎಣ್ಣೆಯ ಗುಟ್ಟು ಬಿಡಿಸಬಹುದು. ಉದುರಿದ ಕೂದಲಿನ ತುದಿಯಲ್ಲಿ ಸಾಸಿವೆಗಿಂತ ಚಿಕ್ಕದೊಂದು ಬಿಳಿ ಗಂಟು ಕಾಣುತ್ತದಲ್ಲ, ಬೇರೇ ಕಿತ್ತು ಬಂತು ಎಂದು ಜನ ಹೆದರುವುದು ಅದನ್ನು ಕಂಡು. ಅದು ಬೇರಲ್ಲ, ವಿಶ್ರಾಂತಿ ಮುಗಿಸಿದ ಕೂದಲಿನ ಹಿಮ್ಮಡಿ. ಬೇರಿನ ಜಾಗದಲ್ಲಿ ಆಗಲೇ ಹೊಸದು ಮೊಳೆತಿರುತ್ತದೆ. ಉದುರುವುದು ಕಂಡು ಗಾಬರಿಯಾಗಿ ಎಣ್ಣೆ ಕೊಳ್ಳುವ ದಿನ ಮೈ ತನ್ನ ದುರಸ್ತಿ ಶುರುಮಾಡಿ ಬಹಳ ದಿನಗಳಾಗಿರುತ್ತವೆ. ಮೂರರಿಂದ ಆರು ತಿಂಗಳಲ್ಲಿ ಉದುರುವುದು ಇಳಿಯುತ್ತದೆ, ಆ ಹೊತ್ತಿಗೆ ಎಣ್ಣೆಯ ಸೀಸೆ ಕೈಯಲ್ಲಿರುತ್ತದೆ. ಸಿಂಹದ ಕೊಬ್ಬಿನಿಂದ ಸದರ್ಲೆಂಡ್ ಸೋದರಿಯರವರೆಗೆ ಕೊಂಡವರೇ ಸಾಕ್ಷಿ ನುಡಿದದ್ದು ಹೀಗೆ. ಕಾರಣ ಹುಡುಕುವವರೂ ಇದೇ ಅಂತರದಲ್ಲಿ ಎಡವುತ್ತಾರೆ. ಬೆಂಗಳೂರಿಗೆ ಬಂದ ಹುಡುಗ ಬೋರ್‌ವೆಲ್ ನೀರನ್ನೋ ಹೆಲ್ಮೆಟ್ಟನ್ನೋ ದೂರುತ್ತಾನೆ. ಗಡಸು ನೀರಿಗೆ ಕೂದಲು ಒರಟಾಗಬಹುದು, ತುಂಡಾಗಬಹುದು. ಬುಡದಿಂದ ಉದುರುತ್ತಿದ್ದರೆ ನಿನ್ನೆಯ ನೀರನ್ನಲ್ಲ, ಮೂರು ತಿಂಗಳ ಹಿಂದಿನ ಡೆಂಗಿಯನ್ನೋ, ಊಟ ಬಿಟ್ಟ ದಿನಗಳನ್ನೋ ನೆನೆಯಬೇಕು.

ಸರ್ಕಾರಗಳಿಗೂ ಇದು ಅರ್ಥವಾಗದೆ ಇರಲಿಲ್ಲ. ಬೋಳುತಲೆ ವಾಸಿಮಾಡುತ್ತೇವೆ, ಹೊಸ ಕೂದಲು ಹುಟ್ಟಿಸುತ್ತೇವೆ ಎಂದು ಔಷಧಗಳು ಹೇಳಿಕೊಳ್ಳಬಾರದೆಂದು ನಮ್ಮ ಔಷಧ ನಿಯಮಾವಳಿಯ ಜೆ ಅನುಸೂಚಿಯಲ್ಲೇ ಇದೆ. ಗೋಡೆಗಳ ಮೇಲಿನ ಜಾಹೀರಾತು ಓದಿದರೆ ಅದು ಇದೆ ಎಂದು ನಂಬುವುದು ಕಷ್ಟ. ಅಮೆರಿಕ 1989ರಲ್ಲಿ ವೈದ್ಯರ ಚೀಟಿಯಿಲ್ಲದೆ ಮಾರುತ್ತಿದ್ದ ಕೇಶವರ್ಧಕಗಳಾವುವೂ ಪರಿಣಾಮಕಾರಿ ಎಂದು ಸಿದ್ಧವಾಗಿಲ್ಲವೆಂದು ತೀರ್ಪಿತ್ತಿತು. ಅದಕ್ಕೆ ಒಂದು ವರ್ಷ ಮುಂಚೆ, 1988ರಲ್ಲಿ, ಮಿನಾಕ್ಸಿಡಿಲ್ ಹಚ್ಚುವ ಔಷಧವಾಗಿ ಅಲ್ಲಿ ಒಪ್ಪಿಗೆ ಪಡೆದಿತ್ತು. ಅದು 1979ರಿಂದ ರಕ್ತದೊತ್ತಡದ ಮಾತ್ರೆ. ನುಂಗಿದವರ ಮೈಮೇಲೆಲ್ಲ ಕೂದಲು ಬಂದಾಗ ಅದರ ಇನ್ನೊಂದು ಗುಣ ತಿಳಿಯಿತು. 1997ರಲ್ಲಿ ಗಂಡಸರಿಗೆ ಫಿನಾಸ್ಟರೈಡ್ ಮಾತ್ರೆ ಬಂತು. ಎರಡೂ ಕುಗ್ಗುವಿಕೆಯನ್ನು ತಡೆಯುವಂಥವು, ಬಿಟ್ಟರೆ ಲಾಭವೂ ಹೋಗುತ್ತದೆ, ಅಡ್ಡಪರಿಣಾಮಗಳೂ ಉಂಟು. ವೈದ್ಯರನ್ನು ಕೇಳದೆ ಮುಟ್ಟುವಂಥವಲ್ಲ. ಮಿನಾಕ್ಸಿಡಿಲ್ ಹಚ್ಚಿದ ಮೊದಲ ವಾರಗಳಲ್ಲಿ ಕೆಲವರಿಗೆ ಕೂದಲು ಇನ್ನಷ್ಟು ಉದುರಬಹುದು, ಹೆದರಿ ಬಿಡುವವರೂ ಇದ್ದಾರೆ.

ಸುಮ್ಮನಿರುವುದೇ ಎಲ್ಲಕ್ಕೂ ಮದ್ದು ಎಂದು ನಾನು ಹೇಳುತ್ತಿಲ್ಲ. ಆರು ತಿಂಗಳಾದರೂ ನಿಲ್ಲದಿದ್ದರೆ ರಕ್ತದ ಕಬ್ಬಿಣಾಂಶ, ಥೈರಾಯ್ಡ್ ನೋಡಿಸಬೇಕು. ನಮ್ಮ ಹೆಂಗಸರಲ್ಲಿ ರಕ್ತಹೀನತೆ ಎಷ್ಟೆಂದು ಹೇಳಬೇಕಾಗಿಲ್ಲ. ನಾಣ್ಯದಗಲ ಬೋಳಾದರೆ, ತಲೆಯ ಚರ್ಮ ಕೆಂಪಾಗಿ ಉರಿದರೆ, ಕಲೆ ಕಟ್ಟಿದರೆ ಕಾಯಬಾರದು. ಶಾಲೆಗೆ ಹೋಗುವ ಹುಡುಗಿಯ ಹಣೆಯಂಚಿನಲ್ಲಿ ಕೂದಲು ವಿರಳವಾಗುತ್ತಿದ್ದರೆ ಜಡೆ ಸ್ವಲ್ಪ ಸಡಿಲ ಹೆಣೆಯಿರಿ. ಬಿಗಿದು ಕಟ್ಟುವುದರಿಂದ ಬರುವ ಈ ಬೋಳನ್ನು ಗ್ರೀನ್‌ಲೆಂಡಿನ ಹೆಂಗಸರಲ್ಲಿ ಗುರುತಿಸಿ 1907ರಲ್ಲೇ ಬರೆದಿದ್ದಾರೆ.

ಕೋವಿಡ್ ಕಾಲದಲ್ಲಿ ಈ ಪಾಠವನ್ನು ಜಗತ್ತು ಮತ್ತೊಮ್ಮೆ ಓದಿತು. ಚೀನಾದ ವುಹಾನ್‌ನಲ್ಲಿ ಆಸ್ಪತ್ರೆಯಿಂದ ಮನೆಗೆ ಹೋದ 1,700ಕ್ಕೂ ಹೆಚ್ಚು ಮಂದಿಯನ್ನು ಕಾಯಿಲೆ ಬಂದ ಸುಮಾರು ಆರು ತಿಂಗಳ ಬಳಿಕ ಮಾತನಾಡಿಸಿದಾಗ ನೂರಕ್ಕೆ 22 ಮಂದಿ ಕೂದಲು ಉದುರುತ್ತಿದೆ ಎಂದಿದ್ದರು. 2021ರ ಬೇಸಿಗೆಯಲ್ಲಿ ನಮ್ಮ ಮನೆಗಳಲ್ಲೂ ಜ್ವರ ಬಂದು ಹೋಯಿತು. ಆಗಸ್ಟ್ ತಿಂಗಳ ಒಂದು ಸಂಜೆ ಅಕ್ಕನ ಮಗಳು ಫೋನು ಮಾಡಿದಳು. ಅದೇ, ತಾಯಿಯ ಮುಖ ನೋಡಿ ನಕ್ಕ ಕೂಸು. "ಮಾವ, ಬಾಚಿದರೆ ಹಿಡಿ ಹಿಡಿ ಬರ್ತಿದೆ" ಎಂದು ಧ್ವನಿ ನಡುಗಿಸಿದಳು. ಜ್ವರ ಬಂದದ್ದು ಯಾವಾಗ ಎಂದು ಕೇಳಿದೆ. ಮೇ ಮೊದಲ ವಾರ ಎಂದಳು. ಕನ್ನಡಿಯ ಮುಂದೆ ನಿಂತು ಹಣೆಯ ಅಂಚಿನಲ್ಲಿ ಗಿಡ್ಡ ಕೂದಲು ಚಿಗುರಿದೆಯೇ ನೋಡು ಎಂದೆ. ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, "ಹೌದು ಮಾವ, ನೆಟ್ಟಗೆ ನಿಂತಿವೆ" ಎಂದಳು. ಅಷ್ಟರಲ್ಲಿ ಅಕ್ಕ ಎರಡು ಸೀಸೆ ಎಣ್ಣೆ ತರಿಸಿ ಆಗಿತ್ತು.